ಲಾರಿ ಮೇಲಿನ ಹೆಸರು ಬದಲಾಯ್ತು, ಬಾಕಿ ಯಾರದ್ದು?

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ ಅಂದ ತಕ್ಷಣ ಈ ರಾಜ್ಯದ ರೈತರಿಗೆ ನೆನಪಾಗೋದು ಒಂದೇ ಹೆಸರು. ಕೆ.ಎಸ್. ಪುಟ್ಟಣ್ಣಯ್ಯ. ಹೆಗಲ ಮೇಲೆ ಹಸಿರು ಟವೆಲ್, ಬಾಯಲ್ಲಿ ಕಬ್ಬಿನ ಲೆಕ್ಕ. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಶಾಸಕರಾದರು. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಬ್ಬು ಬೆಳೆಗಾರನ ಬಾಕಿ ಹಣದ ಪ್ರಶ್ನೆಯನ್ನ ವಿಧಾನಸೌಧದ ಬಾಗಿಲ ತನಕ ಎಳೆದುಕೊಂಡು ಹೋದ ಮನುಷ್ಯ ಅವರು. ಆ ಹೋರಾಟದಿಂದ ಈ ಭಾಗದ ರೈತನಿಗೆ ಒಂದು ವಿಷಯ ಮನದಟ್ಟಾಗಿದೆ. ಕಬ್ಬು ಕೊಟ್ಟವನಿಗೆ ದುಡ್ಡು ಕೇಳೋ ಹಕ್ಕಿದೆ ಅನ್ನೋದು.

ಇವತ್ತು ನಾನು ಮಾತಾಡ್ತಿರೋದು ಕಬ್ಬು ಬೆಳೆದವನ ಬಗ್ಗೆ ಅಲ್ಲ. ಅದನ್ನ ಹೊತ್ತುಕೊಂಡು ಹೋದವನ ಬಗ್ಗೆ. ಅದೇ ಊರಿನವನು, ಅದೇ ಗದ್ದೆಯ ಪಕ್ಕದವನು. ಅರ್ಧ ಎಕರೆ ಜಮೀನು ಅಡ ಇಟ್ಟು ಲಾರಿ ತಗೊಂಡವನು. ಇಲ್ಲಾ ಅಂದ್ರೆ ಪಕ್ಕದವರ ಲಾರಿಗೆ ಡ್ರೈವರ್ ಆಗಿ ಹೋದವನು. ಕಂಪನಿ ಕೈ ಬದಲಾದಾಗ ಇವನ ಗತಿ ಏನು? ಇವತ್ತಿನ ಪ್ರಶ್ನೆ ಇಷ್ಟೇ.

ಮೊದಲು ನಮ್ಮ ಮನೆ ಬಾಗಿಲ ಉದಾಹರಣೆಯನ್ನೇ ತಗೊಳ್ಳೋಣ.

ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ. ಪಿಎಸ್‌ಎಸ್‌ಕೆ ಅಂತ ಎಲ್ಲರೂ ಕರೀತಾರೆ. ನಷ್ಟ, ಸಾಲ, ಬಾಕಿ. ಕೆಲವು ಹಂಗಾಮು ಅದರ ಚಿಮಣಿಯಲ್ಲಿ ಹೊಗೆಯೇ ಬರಲಿಲ್ಲ. 2020ರಲ್ಲಿ ಸರ್ಕಾರ ಅದನ್ನ 40 ವರ್ಷದ ಗುತ್ತಿಗೆಗೆ ನಿರಾಣಿ ಶುಗರ್ಸ್‌ಗೆ ಕೊಟ್ಟಿತು. ಸರಿಯೋ ತಪ್ಪೋ ಅನ್ನೋ ರಾಜಕೀಯ ಚರ್ಚೆ ಆಗ ಬೇಕಾದಷ್ಟು ಆಯ್ತು. ಟಿವಿಯಲ್ಲಿ ನಾವೂ ಮಾಡಿದ್ವಿ. ಆ ಚರ್ಚೆಯಲ್ಲಿ ಯಾರ್ಯಾರು ಬಂದು ಕೂತ್ಕೊಂಡ್ರು? ಶಾಸಕರು, ಮಂತ್ರಿಗಳು, ರೈತ ಮುಖಂಡರು, ಸಹಕಾರ ಕ್ಷೇತ್ರದವರು. ಲಾರಿಯವನು ಬರಲಿಲ್ಲ. ಅವನನ್ನ ಕರೀಬೇಕು ಅಂತ ಯಾರಿಗೂ ಹೊಳೀಲೂ ಇಲ್ಲ.

ಆದರೆ ಕಾರ್ಖಾನೆ ನಡೆಯೋದು ಯಾರಿಂದ? ಗದ್ದೆಯಲ್ಲಿ ಕಬ್ಬು ಕಡಿಯೋ ಗ್ಯಾಂಗ್, ಅವರನ್ನ ಕರ್ಕೊಂಡು ಬರೋ ಮೇಸ್ತ್ರಿ, ಕಬ್ಬು ತುಂಬೋ ಆಳು, ಲಾರಿ ಅಥವಾ ಟ್ರ್ಯಾಕ್ಟರ್ ಮಾಲೀಕ, ಅದರ ಡ್ರೈವರ್. ಕಾರ್ಖಾನೆ ಗೇಟಿನ ಮುಂದೆ ರಾತ್ರಿಯೆಲ್ಲಾ ಸಾಲಿನಲ್ಲಿ ನಿಂತು, ಬೆಳಗಿನ ಜಾವ ತೂಕ ಹಾಕಿಸಿ, ಚೀಟಿ ಹಿಡ್ಕೊಂಡು ವಾಪಸ್ ಬರೋರು ಇವರು. ಇವರಲ್ಲಿ ಒಬ್ಬನ ಹೆಸರೂ ಕಾರ್ಖಾನೆಯ ನೌಕರರ ಪಟ್ಟಿಯಲ್ಲಿ ಇರಲ್ಲ.

ಈಗ ಕಾನೂನು ನೋಡಿ. 1966ರ ಕಬ್ಬು ನಿಯಂತ್ರಣ ಆದೇಶ ಅಂತ ಒಂದಿದೆ. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15 ಬಡ್ಡಿ. ಕೊಡದೇ ಹೋದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡೋ ಅಧಿಕಾರ ಇದೆ. ಜಾರಿ ಎಷ್ಟರ ಮಟ್ಟಿಗೆ ಆಗತ್ತೆ ಅನ್ನೋದು ಬೇರೆ ಮಾತು. ಆದರೆ ಪುಸ್ತಕದಲ್ಲಿ ಬರೆದಿದೆ. ಆ ಪುಟ ತೋರಿಸಿ ರೈತ ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂರಬಹುದು.

ಅದೇ ಕಬ್ಬನ್ನ ಹೊತ್ತ ಲಾರಿಯ ಬಾಡಿಗೆಗೆ ಆ ಆದೇಶದಲ್ಲಿ 14 ದಿನವೂ ಇಲ್ಲ, ಶೇಕಡ 15 ಬಡ್ಡಿಯೂ ಇಲ್ಲ. ತಮಾಷೆ ನೋಡಿ. ಕಟಾವು ಮತ್ತು ಸಾಗಣೆ ವೆಚ್ಚ ಅಂತ ರೈತನ ಬಿಲ್ಲಿನಲ್ಲೇ ಕಡಿತ ಮಾಡ್ತಾರೆ. ಅಂದ್ರೆ ದುಡ್ಡು ಕೊಟ್ಟವನು ರೈತ, ಸೇರಬೇಕಾದವನು ಲಾರಿಯವನು. ನಡುವೆ ಅದನ್ನ ಇಟ್ಕೊಂಡು ಕೂರೋದು ಕಾರ್ಖಾನೆ. ರೈತನ ಬಿಲ್ಲಿನಿಂದ ಕಡಿತ ಆದ ದಿನವೇ ಬಾಡಿಗೆ ಲಾರಿಯವನ ಖಾತೆಗೆ ಬೀಳಬೇಕು ಅನ್ನೋ ಒಂದು ಸಾಲು ಎಲ್ಲಾದರೂ ಇದೆಯಾ?

ಕಾರ್ಖಾನೆ ಸರಿಯಾಗಿ ನಡೀತಿದ್ದಾಗ ಹೇಗೋ ನಡೆದುಹೋಗತ್ತೆ. ಈ ವಾರ ಇಲ್ಲಾ ಅಂದ್ರೆ ಮುಂದಿನ ವಾರ. ಕಷ್ಟ ಬರೋದು ಕಾರ್ಖಾನೆ ಕೈ ಬದಲಾದಾಗ. ಹಳೇ ಆಫೀಸಿಗೆ ಹೋದರೆ, "ಈಗ ನಮ್ಮ ಕೈಯಲ್ಲಿ ಏನಿದೆ ಅಣ್ಣಾ, ಹೊಸಬರನ್ನ ಕೇಳಿ" ಅಂತಾರೆ. ಹೊಸಬರ ಹತ್ರ ಹೋದರೆ, "ನಾವು ಬಂದ ಮೇಲಿನ ಲೆಕ್ಕ ಮಾತ್ರ ನಮ್ಮದು" ಅಂತಾರೆ. ಇಬ್ಬರು ಹೇಳೋದೂ ಅವರವರ ಕಾಗದದ ಪ್ರಕಾರ ಸರಿಯೇ ಇರಬಹುದು. ನಡುವೆ ಸಿಕ್ಕಿಕೊಂಡವನ ಹತ್ರ ಮಾತ್ರ ಕಾಗದವೇ ಇರಲ್ಲ. ಅವನ ಹತ್ರ ಇರೋದು ತೂಕದ ಚೀಟಿ, ಮತ್ತೆ ಆ ದಿನ ಅಲ್ಲಿದ್ದ ಸೂಪರ್‌ವೈಸರ್ ಕೊಟ್ಟ ಮಾತು.

ಇದು ಒಂದು ಸಕ್ಕರೆ ಕಾರ್ಖಾನೆಯ ಕಥೆ ಅಂದ್ಕೋಬೇಡಿ. ಇವತ್ತು ದೇಶದ ಲಾರಿ ವ್ಯವಹಾರದಲ್ಲಿ ಇದೇ ನಡೀತಿರೋದು.

ಮಂಡ್ಯ ಜಿಲ್ಲೆಯ ಹಳ್ಳಿ ಹುಡುಗರು ಈಗ ಬರೀ ಕಬ್ಬಿನ ಲಾರಿ ಓಡಿಸ್ತಿಲ್ಲ. ಬಿಡದಿ, ನೆಲಮಂಗಲ, ಹೊಸಕೋಟೆ ಕಡೆ ದೊಡ್ಡ ದೊಡ್ಡ ಗೋದಾಮು ಎದ್ದಿವೆ. ಅಲ್ಲಿ ಲೋಡಿಂಗ್, ಸ್ಕ್ಯಾನಿಂಗ್, ಡ್ರೈವಿಂಗ್ ಕೆಲಸಕ್ಕೆ ಹೋಗ್ತಾರೆ. ಸ್ವಲ್ಪ ಧೈರ್ಯ ಇದ್ದವನು ಸಾಲ ಮಾಡಿ ಗಾಡಿ ತಗೊಂಡು ಕಂಪನಿಗೆ ಅಟ್ಯಾಚ್ ಮಾಡ್ತಾನೆ. ಗಾಡಿ ಮೇಲೆ ಕಂಪನಿ ಸ್ಟಿಕರ್, ಮೈ ಮೇಲೆ ಕಂಪನಿ ಟೀ ಶರ್ಟ್. ಊರಿಗೆ ಬಂದಾಗ ಎಲ್ಲರೂ, "ಇವನು ಆ ಕಂಪನೀಲಿ ಅವ್ನೆ" ಅಂತಾರೆ. ಆದರೆ ಕಂಪನಿಯ ಪುಸ್ತಕದಲ್ಲಿ ಅವನು ನೌಕರ ಅಲ್ಲ. ಅವನು ವೆಂಡರ್. ಇಲ್ಲಾ ಅಂದ್ರೆ ವೆಂಡರ್ ಕೈಕೆಳಗಿನ ಇನ್ನೊಬ್ಬ ವೆಂಡರ್.

ಈಗ ಆ ಕಂಪನಿಗಳು ಎಷ್ಟು ಸಲ ಕೈ ಬದಲಾಯಿಸ್ತವೆ ನೋಡಿ.

ಸ್ಪೀಡೇಜ್ ಅಂತ ಒಂದು ಸರಕು ಸಾಗಣೆ ಕಂಪನಿ ಇತ್ತು. 2006ರಲ್ಲಿ ಅದನ್ನ ನೆದರ್ಲೆಂಡ್ಸ್ ಮೂಲದ ಟಿಎನ್‌ಟಿ ಕೊಂಡುಕೊಂಡಿತು. 2012ರ ಹೊತ್ತಿಗೆ ಟಿಎನ್‌ಟಿ ತನ್ನ ಇಲ್ಲಿನ ರಸ್ತೆ ಸಾಗಣೆ ವ್ಯವಹಾರವನ್ನ ಒಂದು ಹೂಡಿಕೆ ಸಂಸ್ಥೆಗೆ ಮಾರಿತು. ಅದಕ್ಕೆ ಸ್ಪಾಟಾನ್ ಅಂತ ಹೆಸರಾಯ್ತು. 2018ರಲ್ಲಿ ಮತ್ತೆ ಹೊಸ ಹೂಡಿಕೆದಾರರು ಬಂದರು. 2021ರಲ್ಲಿ ಸುಮಾರು ಒಂದೂವರೆ ಸಾವಿರ ಕೋಟಿ ರೂಪಾಯಿಗೆ ಡೆಲ್ಹಿವರಿ ಕೈ ಸೇರಿತು. 15 ವರ್ಷದಲ್ಲಿ ನಾಲ್ಕು ಸಲ ಯಜಮಾನ ಬದಲು. ಅಷ್ಟೂ ವರ್ಷ ಅದೇ ದಾರಿಯಲ್ಲಿ, ಅದೇ ಸರಕು ಹೊತ್ತವನೊಬ್ಬ ಇದ್ದ ಅಂದ್ಕೊಳ್ಳಿ. ಅವನು ತನ್ನ ಗಾಡಿ ಮೇಲಿನ ಸ್ಟಿಕರ್ ಎಷ್ಟು ಸಲ ಕಿತ್ತು ಅಂಟಿಸಬೇಕಾಯ್ತು?

ಇನ್ನೂ ಇದೆ. ಹೈದರಾಬಾದಿನ ಗತಿ ಕಂಪನಿಯ ಹಿಡಿತ 2020ರಲ್ಲಿ ಆಲ್‌ಕಾರ್ಗೋಗೆ ಹೋಯ್ತು. 2022ರಲ್ಲಿ ಮಹೀಂದ್ರ ಲಾಜಿಸ್ಟಿಕ್ಸ್ 225 ಕೋಟಿಗೆ ರಿವಿಗೊ ಕಂಪನಿಯ ಎಕ್ಸ್‌ಪ್ರೆಸ್ ವ್ಯವಹಾರ ತಗೊಳ್ತು. 2025ರ ಏಪ್ರಿಲ್‌ನಲ್ಲಿ ಇಕಾಮ್ ಎಕ್ಸ್‌ಪ್ರೆಸ್ ಅನ್ನ ಸುಮಾರು 1,400 ಕೋಟಿಗೆ ಕೊಳ್ತೀವಿ ಅಂತ ಡೆಲ್ಹಿವರಿ ಘೋಷಣೆ ಮಾಡ್ತು. ಜೂನ್‌ನಲ್ಲಿ ಸ್ಪರ್ಧಾ ಆಯೋಗದ ಒಪ್ಪಿಗೆಯೂ ಸಿಕ್ತು.

ನಾನು ಇಲ್ಲಿ ಯಾವ ಕಂಪನಿಯನ್ನೂ ಕಳ್ಳ ಅಂತ ಹೇಳ್ತಿಲ್ಲ. ಕೊಳ್ಳೋದು ಮಾರೋದು ವ್ಯಾಪಾರ. ನಾನು ಕೇಳ್ತಿರೋದು, ಮಾರಾಟ ಆಗೋ ದಿನ ಯಾರ್ಯಾರಿಗೆ ಯಾವ್ಯಾವ ರಕ್ಷಣೆ ಇದೆ ಅನ್ನೋದು. ಮೂರು ಜನರನ್ನ ಸಾಲಾಗಿ ನಿಲ್ಲಿಸಿ ನೋಡೋಣ.

ಮೊದಲನೆಯವನು ನೇಮಕಾತಿ ಪತ್ರ ಇರೋ ನೌಕರ. ಇವನ ರಕ್ಷಣೆಯ ಹಿಂದೆ ಒಂದು ರೈಲಿನ ಕಥೆ ಇದೆ.

ಮೀರಜ್‌ನಿಂದ ಪಂಢರಪುರ, ಬಾರ್ಶಿ ಮೇಲೆ ಲಾತೂರಿಗೆ ಹೋಗ್ತಿದ್ದ ಬಾರ್ಸಿ ಲೈಟ್ ರೈಲ್ವೆ ಅಂತ ಒಂದು ಖಾಸಗಿ ಕಂಪನಿ ಇತ್ತು. ಬೆಳಗಾವಿ ಕಡೆಯ ಹಿರಿಯರಿಗೆ ಗೊತ್ತಿರತ್ತೆ. 1954ರ ಜನವರಿ 1ರಂದು ಅದನ್ನ ಸರ್ಕಾರ ವಹಿಸಿಕೊಂಡಿತು. ಕಂಪನಿ ಎಲ್ಲರಿಗೂ ನೋಟಿಸ್ ಕೊಟ್ಟು ಕೈ ತೊಳ್ಕೊಂಡಿತು. ಕಾರ್ಮಿಕರು ಪರಿಹಾರ ಕೇಳಿದರು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯ್ತು. 1956ರ ನವೆಂಬರ್‌ನಲ್ಲಿ ತೀರ್ಪು ಬಂತು. ನಡೀತಿರೋ ಉದ್ದಿಮೆಯಲ್ಲಿ ಹೆಚ್ಚಾದ ಕೈಗಳನ್ನ ತೆಗೆದರೆ ಮಾತ್ರ ಅದು ಕಡಿತ. ಉದ್ದಿಮೆಯೇ ಬೇರೆಯವರ ಪಾಲಾದರೆ ಅದು ಕಡಿತ ಅಲ್ಲ, ಆ ಪರಿಹಾರ ಸಿಗಲ್ಲ ಅಂತ. ದೇಶದ ಕಾರ್ಮಿಕರು ಬೆಚ್ಚಿಬಿದ್ದರು. ಮರುವರ್ಷವೇ, 1957ರಲ್ಲಿ, ಕಾನೂನು ತಿದ್ದುಪಡಿ ಆಯ್ತು.

ಆ ತಿದ್ದುಪಡಿ ಹೇಳೋದು ಇಷ್ಟು. ಉದ್ದಿಮೆ ಕೈ ಬದಲಾದರೆ, ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕನಿಗೆ ನೋಟಿಸ್ ಕೊಡಬೇಕು. ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಪರಿಹಾರ ಕೊಡಬೇಕು. ಮೂರು ಷರತ್ತು ಪಾಲಿಸಿದರೆ ಮಾತ್ರ ಇದರಿಂದ ವಿನಾಯಿತಿ. ಒಂದು, ಕೆಲಸ ಮುರಿಯದೆ ಮುಂದುವರೀಬೇಕು. ಎರಡು, ಹೊಸ ಯಜಮಾನ ಕೊಡೋ ಸಂಬಳ, ಸೌಲಭ್ಯ ಮೊದಲಿಗಿಂತ ಕಡಿಮೆ ಇರಬಾರದು. ಮೂರು, ಮುಂದೆ ಯಾವತ್ತಾದರೂ ತೆಗೆದರೆ ಹಳೇ ಸೇವೆಯನ್ನೂ ಸೇರಿಸಿ ಪರಿಹಾರ ಕೊಡಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅಲ್ಲೂ ಈ ಮೂರು ಷರತ್ತು ಉಳಿದಿವೆ. ನೆನಪಿಟ್ಕೊಳ್ಳಿ.

ಆದರೆ ಇದರಲ್ಲೂ ಒಂದು ಸೂಕ್ಷ್ಮ ಇದೆ. ಕಂಪನಿ ಕೈ ಬದಲಾಗೋಕೆ ಬೇರೆ ಬೇರೆ ದಾರಿ ಇವೆ. ಷೇರು ಕೊಂಡರೆ ಕಂಪನಿ ಹಾಗೇ ಇರತ್ತೆ, ಅದರ ಒಡೆಯ ಬದಲಾಗ್ತಾನೆ. ಆಗ ಹಳೇ ಸಾಲ, ಹಳೇ ಬಾಕಿ, ಹಳೇ ನೌಕರ ಎಲ್ಲಾ ಆ ಕಂಪನಿಯ ಹೆಸರಲ್ಲೇ ಉಳೀತಾರೆ. ಕಾನೂನಿನ ಕಣ್ಣಿಗೆ ಯಜಮಾನ ಬದಲಾಗಿಲ್ಲ, ಆದ್ದರಿಂದ ಮೇಲಿನ ನೋಟಿಸ್, ಪರಿಹಾರದ ಮಾತೂ ಬರಲ್ಲ. ವ್ಯವಹಾರ ಮಾತ್ರ ಕೊಂಡರೆ ಕಥೆ ಬೇರೆ. ಗ್ರಾಹಕರು, ಸಿಬ್ಬಂದಿ, ತಂತ್ರಜ್ಞಾನ, ಹೆಸರು, ಇಷ್ಟು ಆ ಕಡೆ ಹೋಗತ್ತೆ. ಕಾಗದದಲ್ಲಿ ಬರೆದಷ್ಟು ಮಾತ್ರ ಹೋಗತ್ತೆ. ಬರೀದೇ ಇದ್ದದ್ದು ಹಳೇ ಕಂಪನಿಯಲ್ಲೇ ಬಿದ್ದಿರತ್ತೆ, ಅದರಲ್ಲಿ ವ್ಯಾಪಾರ ಇರಲಿ ಬಿಡಲಿ. ಮೂರನೇದು ಗುತ್ತಿಗೆ, ನಮ್ಮ ಪಾಂಡವಪುರದ ಹಾಗೆ. ಒಡೆತನ ಒಬ್ಬರದು, ನಡೆಸೋದು ಇನ್ನೊಬ್ಬರು. ಹೊಲ ಒಬ್ಬರದಾಗಿ, ವಾರಕ್ಕೆ ಇನ್ನೊಬ್ಬರು ಉತ್ತ ಹಾಗೆ. ಹಳೇ ಬೀಜದ ಅಂಗಡಿ ಸಾಲ ಯಾರು ತೀರಿಸಬೇಕು ಅನ್ನೋದು ವಾರದ ಮಾತುಕತೆಯಲ್ಲೇ ತೀರ್ಮಾನ ಆಗಬೇಕು. ಆಮೇಲೆ ಕೇಳಿದರೆ ಯಾರೂ ಬಾಯಿ ಬಿಡಲ್ಲ.

ಹಾಗಾಗಿ, "ನಮ್ಮ ಕಂಪನೀನ ತಗೊಂಡ್ರಂತೆ" ಅಂತ ಕಿವಿಗೆ ಬಿದ್ದ ದಿನ ಮೊದಲು ಕೇಳಬೇಕಾದ ಪ್ರಶ್ನೆ, ಎಷ್ಟು ಕೋಟಿಗೆ ಅನ್ನೋದಲ್ಲ. ಯಾವ ದಾರಿಯಲ್ಲಿ ತಗೊಂಡ್ರು? ಷೇರಾ, ವ್ಯವಹಾರವಾ, ಗುತ್ತಿಗೆಯಾ?

ಎರಡನೆಯವನು ಕಾಂಟ್ರಾಕ್ಟರ್ ಕೈಕೆಳಗಿನ ಆಳು. ಗೋದಾಮಿನ ಹಮಾಲಿ, ಕ್ಲೀನರ್, ಬದಲಿ ಡ್ರೈವರ್. ಇವನಿಗೆ ನೇಮಕಾತಿ ಪತ್ರ ಕೊಟ್ಟಿದ್ದರೂ ಅದು ಕಾಂಟ್ರಾಕ್ಟರ್ ಹೆಸರಲ್ಲಿ. ಕಂಪನಿ ಮಾರಾಟ ಆದಾಗ ಹೊಸಬರು ಕಾಂಟ್ರಾಕ್ಟರನ್ನೇ ಬದಲಾಯಿಸ್ತಾರೆ. ಆಳು ಅದೇ ಜಾಗದಲ್ಲಿ ಅದೇ ಮೂಟೆ ಹೊರ್ತಾನೆ, ಆದರೆ ಕಾಗದದಲ್ಲಿ ಅವನು ಹೊಸಬ. ಹತ್ತು ವರ್ಷದ ಸೇವೆ ಒಂದೇ ರಾತ್ರಿಗೆ ಸೊನ್ನೆ. ಗ್ರಾಚುಟಿ ಲೆಕ್ಕ ಮೊದಲಿಂದ ಶುರು.

ಇವನಿಗೂ ಒಂದೆರಡು ಆಸರೆ ಇವೆ. ಕಾಂಟ್ರಾಕ್ಟರ್ ಸಂಬಳ ಕೊಡದಿದ್ದರೆ ಮುಖ್ಯ ಕಂಪನಿಯೇ ಕೊಡಬೇಕು ಅನ್ನೋದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಕಾಲದಿಂದಲೂ ಇರೋ ನಿಯಮ. ಪಿಎಫ್ ಬಾಕಿ ಇಟ್ಟು ಸಂಸ್ಥೆ ಮಾರಿದರೆ ಮಾರಿದವರು, ಕೊಂಡವರು ಇಬ್ಬರೂ ಜವಾಬ್ದಾರರು ಅಂತ ಪಿಎಫ್ ಕಾನೂನು ಹೇಳತ್ತೆ. ಇದು ಗಟ್ಟಿ ನಿಯಮ. ಹಳಬರು ಹೊಸಬರು ಅಂತ ಚೆಂಡಾಟ ಆಡೋ ಹಾಗಿಲ್ಲ. ಆದರೆ ಪಿಎಫ್ ಖಾತೆಯೇ ಇಲ್ಲದವನಿಗೆ? ಕೈಗೆ ದುಡ್ಡು, ಕಾಗದ ಇಲ್ಲ ಅನ್ನೋ ಲೆಕ್ಕದಲ್ಲಿ ದುಡಿದವನಿಗೆ? ಅವನು ದುಡಿದಿದ್ದ ಅಂತ ಹೇಳೋಕೆ ಒಂದು ಹಾಜರಿ ಪುಸ್ತಕವೂ ಸಿಗಲ್ಲ.

ಮೂರನೆಯವನೇ ನಮ್ಮ ಲಾರಿ ಮಾಲೀಕ. ಒಂದು ಗಾಡಿ, ಹೆಚ್ಚಂದ್ರೆ ಎರಡು. ಹೆಸರಿಗೆ ಮಾಲೀಕ. ಗಾಡಿಯ ಆರ್‌ಸಿ ಮೇಲೆ ಫೈನಾನ್ಸ್‌ನವರ ಹೆಸರು. ಇವನು ಕಾರ್ಮಿಕ ಅಲ್ಲ, ಆದ್ದರಿಂದ ಕಾರ್ಮಿಕ ಕಾನೂನು ಇವನನ್ನ ನೋಡಲ್ಲ. ಇವನು ದೊಡ್ಡ ಉದ್ಯಮಿಯೂ ಅಲ್ಲ, ಆದ್ದರಿಂದ ವಕೀಲರನ್ನ ಇಟ್ಕೊಳ್ಳೋ ತಾಕತ್ತೂ ಇಲ್ಲ. ಆ್ಯಪ್ ಮೂಲಕ ದುಡಿಯೋ ಡೆಲಿವರಿ ಹುಡುಗನಿಗೆ ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾನೂನಿನಲ್ಲಿ, ತೆಗೆಯೋ ಮುಂಚೆ ಕಾರಣ ಹೇಳಿ 14 ದಿನದ ನೋಟಿಸ್ ಕೊಡಬೇಕು ಅಂತ ಇದೆ. ಒಳ್ಳೇದು. ಹತ್ತು ವರ್ಷ ಒಂದೇ ಕಂಪನಿಗೆ ಲಾರಿ ಓಡಿಸಿದ ಮಾಲೀಕನಿಗೆ? "ನಾಳೆಯಿಂದ ಗಾಡಿ ಬೇಡ" ಅಂತ ಒಂದು ಫೋನ್. ಅಷ್ಟೇ.

ಒಂದು ಲೆಕ್ಕ ಹಾಕೋಣ. ಇದು ಉದಾಹರಣೆ, ನಿಮ್ಮ ಗಾಡಿ ಲೆಕ್ಕ ನೀವೇ ಹಾಕ್ಕೊಳ್ಳಿ. ತಿಂಗಳಿಗೆ 3 ಲಕ್ಷ ಬಾಡಿಗೆ ಬಿಲ್. ಡೀಸೆಲ್, ಟೋಲ್, ದಾರಿ ಖರ್ಚು 1 ಲಕ್ಷ 80 ಸಾವಿರ. ಡ್ರೈವರ್ ಸಂಬಳ, ಬತ್ತ 35 ಸಾವಿರ. ಗಾಡಿ ಕಂತು 55 ಸಾವಿರ. ಕೈಯಲ್ಲಿ ಉಳಿಯೋದು 30 ಸಾವಿರ. ಟೈರು, ಇನ್ಶೂರೆನ್ಸ್, ಎಫ್‌ಸಿ ಎಲ್ಲಾ ಇದರಲ್ಲೇ.

ಹಳೇ ಕಂಪನಿ 30 ದಿನಕ್ಕೆ ಬಿಲ್ ಪಾಸ್ ಮಾಡ್ತಿತ್ತು. ಅಂದ್ರೆ ಇವನು ಒಂದು ತಿಂಗಳ ಖರ್ಚು, 2 ಲಕ್ಷ 70 ಸಾವಿರ, ಕೈಯಿಂದ ಹಾಕಿ ಕಾಯಬೇಕಿತ್ತು. ಹೊಸ ಕಂಪನಿ ಬಂತು. ಹೊಸ ಸಾಫ್ಟ್‌ವೇರ್, ಹೊಸ ವೆಂಡರ್ ಕೋಡ್, ಹೊಸ ಆಡಿಟ್. 75 ದಿನ ಅಂದರು. ಈಗ ಕೈಯಿಂದ ಹಾಕಬೇಕಾದದ್ದು ಎರಡೂವರೆ ತಿಂಗಳ ಖರ್ಚು, 6 ಲಕ್ಷ 75 ಸಾವಿರ. ಹೆಚ್ಚುವರಿ 4 ಲಕ್ಷ 5 ಸಾವಿರ ಎಲ್ಲಿಂದ ತರ್ತಾನೆ? ಊರಲ್ಲಿ ಕೈಸಾಲ. ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೂ ತಿಂಗಳಿಗೆ 8,100. ಅದರ ಮೇಲೆ ಹೊಸಬರು ಎಲ್ಲರಿಗೂ ರೇಟು ಶೇಕಡ 5 ಇಳಿಸಿದ್ದೀವಿ ಅಂದರು. ಅದು 15,000. 30 ಸಾವಿರದಲ್ಲಿ ಇವೆರಡು ಕಳೀರಿ. ಉಳಿಯೋದು 6,900 ರೂಪಾಯಿ. ಗಾಡಿ ಓಡ್ತಿದೆ, ಲೋಡ್ ಸಿಗ್ತಿದೆ, ಯಾರೂ ಮೋಸ ಮಾಡಿಲ್ಲ. ಆದರೆ ಮನೆಗೆ ತರೋಕೆ ಏನೂ ಇಲ್ಲ. ಮೂರನೇ ಕಂತು ತಪ್ಪಿದರೆ ಗಾಡಿ ಎತ್ಕೊಂಡು ಹೋಗೋಕೆ ಜನ ರೆಡಿ ಇರ್ತಾರೆ.

ಡೀಸೆಲ್ ಬೆಲೆಯ ಏಟು ಬೇರೆ. 2025ರ ಏಪ್ರಿಲ್ 1ರಿಂದ ನಮ್ಮ ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇಕಡ 18.4ರಿಂದ 21.17ಕ್ಕೆ ಏರಿತು. ಲೀಟರಿಗೆ ಸುಮಾರು 2 ರೂಪಾಯಿ. ಆಗ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಡೀಸೆಲ್‌ಗೆ ಮುಷ್ಕರ ಆಗತ್ತೆ. ಯಾಕಂದ್ರೆ ಅದು ಎಲ್ಲರಿಗೂ ಒಂದೇ ದಿನ ಬೀಳೋ ಏಟು. ಕಂಪನಿ ಕೈ ಬದಲಾವಣೆ ಒಬ್ಬೊಬ್ಬನಿಗೂ ಒಂದೊಂದು ದಿನ ಬೀಳತ್ತೆ. ಅದಕ್ಕೆ ಮುಷ್ಕರ ಇಲ್ಲ.

ಇನ್ನು ಹೊರಗಿನ ಪ್ರಪಂಚ. ಅಮೆರಿಕದಲ್ಲಿ ಯೆಲ್ಲೋ ಅಂತ ಒಂದು ದೈತ್ಯ ಲಾರಿ ಕಂಪನಿ ಇತ್ತು. 1924ರ ಬೇರು. 2003ರಲ್ಲಿ ರೋಡ್‌ವೇ ಅನ್ನೋ ತನ್ನ ದೊಡ್ಡ ಎದುರಾಳಿಯನ್ನೇ ಕೊಂಡಿತು. 2005ರಲ್ಲಿ ಇನ್ನೊಂದು ದೊಡ್ಡ ಕಂಪನಿ, ಯುಎಸ್‌ಎಫ್. ಸಾಲ ಬೆಟ್ಟದಷ್ಟಾಯ್ತು. ಮುಂದಿನ ವರ್ಷಗಳಲ್ಲಿ ಕಾರ್ಮಿಕರೇ ಸಂಬಳ, ಪಿಂಚಣಿಯಲ್ಲಿ ಬಿಟ್ಟುಕೊಟ್ಟು ಕಂಪನಿ ಉಳಿಸೋಕೆ ನೋಡಿದರು. 2023ರ ಆಗಸ್ಟ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಸುಮಾರು 30 ಸಾವಿರ ಜನರ ಕೆಲಸ ಹೋಯ್ತು. ಅಲ್ಲಿ ಬಲವಾದ ಸಂಘ ಇತ್ತು, ಬರಹದಲ್ಲಿ ಒಪ್ಪಂದ ಇತ್ತು, ನ್ಯಾಯಾಲಯದಲ್ಲಿ ಬಾಕಿ ಕೇಳೋಕೆ ಪಟ್ಟಿ ಇತ್ತು. ಅಷ್ಟಿದ್ದೂ ಅವರ ಪಾಡು ಹಾಗಾಯ್ತು. ಪಟ್ಟಿಯೇ ಇಲ್ಲದ ನಮ್ಮವರ ಪಾಡು ಯೋಚನೆ ಮಾಡಿ.

ಈಗ ಇನ್ನೊಂದು ಕಡೆಯ ಮಾತು ಹೇಳದೇ ಹೋದರೆ ನ್ಯಾಯ ಆಗಲ್ಲ. ಕೆಲವರು ಕೇಳಬಹುದು, "ಸ್ವಾಮಿ, ಪಿಎಸ್‌ಎಸ್‌ಕೆ ಬಾಗಿಲು ಹಾಕಿಕೊಂಡಿದ್ದಾಗ ಲಾರಿಯವನಿಗೆ ಏನು ಸಿಗ್ತಿತ್ತು? ಸೊನ್ನೆ. ಯಾರೋ ಬಂದು ನಡೆಸಿದ್ದಕ್ಕೆ ತಾನೇ ಮತ್ತೆ ಲೋಡ್ ಸಿಕ್ಕಿದ್ದು?" ಈ ಮಾತು ನಿಜ. ಸತ್ತ ಕಂಪನಿ ಯಾರಿಗೂ ಬಾಡಿಗೆ ಕೊಡಲ್ಲ. ಕಬ್ಬು ದೂರದ ಕಾರ್ಖಾನೆಗೆ ಹೋದರೆ ರೈತನಿಗೂ ಸಾಗಣೆ ವೆಚ್ಚ ಜಾಸ್ತಿ. ದೊಡ್ಡ ಕಂಪನಿ ಬಂದರೆ ವರ್ಷವಿಡೀ ಲೋಡ್ ಸಿಗಬಹುದು, ಹಣ ನೇರ ಖಾತೆಗೆ ಬರಬಹುದು, ನಡುವಿನ ದಲ್ಲಾಳಿ ಹೋಗಬಹುದು. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಶುರು ಮಾಡಿ ಕಟ್ಟಿದ ಸಂಸ್ಥೆ ನಮ್ಮ ಕಣ್ಣ ಮುಂದಿದೆ. ಕಂಪನಿ ದೊಡ್ಡದಾಗೋದೇ ತಪ್ಪು ಅಂತ ಯಾವ ಬುದ್ಧಿವಂತನೂ ಹೇಳಲ್ಲ.

ಆದರೆ ಎರಡು ಕಂಪನಿ ಸೇರಿಸೋದು ಹಗ್ಗ ಗಂಟು ಹಾಕಿದಷ್ಟು ಸುಲಭ ಅಲ್ಲ. 2022ರಲ್ಲಿ ಸ್ಪಾಟಾನ್ ಜಾಲವನ್ನ ತನ್ನ ಜಾಲಕ್ಕೆ ಸೇರಿಸುವಾಗ ತೊಂದರೆ ಆಗಿ, ಸಾಗಣೆ ಪ್ರಮಾಣ ಇಳೀತು ಅಂತ ಡೆಲ್ಹಿವರಿ ಕಂಪನಿಯೇ ತನ್ನ ತ್ರೈಮಾಸಿಕ ಫಲಿತಾಂಶದ ಹೊತ್ತಲ್ಲಿ ಹೇಳಿತ್ತು. ಷೇರುದಾರರಿಗೆ ಅದು ಒಂದು ಕೆಟ್ಟ ತ್ರೈಮಾಸಿಕ, ಮುಂದೆ ಸರಿ ಹೋಗತ್ತೆ. ಅಂಥಾ ಮೂರು ತಿಂಗಳು ಒಂದೇ ಗಾಡಿ ಇರೋನಿಗೆ ಮೂರು ಕಂತು. ಅವನಿಗೆ ಮುಂದಿನ ತ್ರೈಮಾಸಿಕ ಅನ್ನೋದೇ ಇರದೆ ಹೋಗಬಹುದು.

ಹಾಗಾದ್ರೆ ಏನು ಮಾಡಬೇಕು? ಸರ್ಕಾರಕ್ಕೆ ಎರಡು ಮಾತು, ಲಾರಿಯವರಿಗೆ ಮೂರು ಮಾತು.

ಸರ್ಕಾರಕ್ಕೆ ಮೊದಲ ಮಾತು. ಸ್ಪರ್ಧಾ ಆಯೋಗ ಒಪ್ಪಿಗೆ ಕೊಡುವಾಗ ನೋಡೋದು ಮಾರುಕಟ್ಟೆಯಲ್ಲಿ ಸ್ಪರ್ಧೆ ಉಳಿಯತ್ತಾ ಅಂತ. ಬಾಡಿಗೆ ಬಾಕಿ ಎಷ್ಟಿದೆ ಅಂತ ನೋಡೋದು ಅದರ ಕೆಲಸ ಅಲ್ಲ. ಬೇರೆ ಯಾರ ಕೆಲಸವೂ ಅಲ್ಲ. ಅದನ್ನ ಯಾರದಾದರೂ ಕೆಲಸ ಮಾಡಿ. ಸರ್ಕಾರದ ಕೈಯಲ್ಲಿರೋ ಆಸ್ತಿ ಗುತ್ತಿಗೆ ಕೊಡುವಾಗಲಂತೂ ಯಾವ ನೆಪವೂ ಇಲ್ಲ. ಟೆಂಡರ್ ಕಾಗದದಲ್ಲೇ ಒಂದು ಪಟ್ಟಿ ಇರಲಿ. ಇಂಥಾ ದಿನದವರೆಗೆ ಕಟಾವಿನವರ ಬಾಕಿ ಇಷ್ಟು, ಸಾಗಣೆ ಬಾಕಿ ಇಷ್ಟು, ನೌಕರರ ಬಾಕಿ ಇಷ್ಟು, ಇದನ್ನ ತೀರಿಸೋರು ಇವರು, ಇಂಥಾ ದಿನದೊಳಗೆ. ಪಟ್ಟಿ ಗ್ರಾಮ ಪಂಚಾಯಿತಿ ಕಚೇರಿ ಗೋಡೆ ಮೇಲೆ ಅಂಟಲಿ.

ಎರಡನೇ ಮಾತು. ರೈತನ ಬಿಲ್ಲಿನಿಂದ ಸಾಗಣೆ ವೆಚ್ಚ ಕಡಿತ ಆದರೆ, ರೈತನಿಗಿರೋ 14 ದಿನದ ಗಡುವೇ ಲಾರಿಯವನಿಗೂ ಇರಲಿ. ಇದು ಸಕ್ಕರೆ ಸಚಿವರು ಮನಸ್ಸು ಮಾಡಿ ದೆಹಲಿಗೆ ಬರೆದು ಒತ್ತಾಯ ಮಾಡಬೇಕಾದ ವಿಷಯ.

ಇನ್ನು ಲಾರಿ ಅಣ್ಣಂದಿರಿಗೆ. ಒಂದು, ಉದ್ಯಮ್ ನೋಂದಣಿ ಮಾಡಿಸಿ. ಒಂದೇ ಗಾಡಿ ಇದ್ದರೂ ನೀವು ಸೇವೆ ಕೊಡೋ ಸಣ್ಣ ಉದ್ಯಮ. ಸರ್ಕಾರದ ಜಾಲತಾಣದಲ್ಲಿ ಇದು ಉಚಿತ, ಯಾರಿಗೂ ಕಮಿಷನ್ ಕೊಡಬೇಡಿ. 2006ರ ಸಣ್ಣ ಉದ್ಯಮಗಳ ಕಾಯ್ದೆ ಪ್ರಕಾರ, ನಿಮ್ಮ ಬಿಲ್ ಹಣ ಒಪ್ಪಂದ ಏನೇ ಹೇಳಲಿ 45 ದಿನ ಮೀರಬಾರದು. ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಹೊಸ ಕಂಪನಿ 75 ದಿನ ಅಂದರೆ ಆ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ದೂರು ಕೊಡೋಕೆ ಸರ್ಕಾರದ ಪೋರ್ಟಲ್ ಇದೆ. ಆದರೆ ಜಗಳ ಬಂದ ಮೇಲೆ ನೋಂದಣಿಗೆ ಓಡಬೇಡಿ, ಕೆಲಸ ಶುರು ಮಾಡೋ ಮುಂಚೆಯೇ ಮಾಡಿಸಿ. ಲೇಟಾದರೆ ಅದೇ ಒಂದು ವ್ಯಾಜ್ಯ ಆಗತ್ತೆ.

ಎರಡು, ಕಾಗದ ಇಟ್ಕೊಳ್ಳಿ. ತೂಕದ ಚೀಟಿ, ಎಲ್‌ಆರ್, ಸರಕು ಮುಟ್ಟಿದ ರಸೀದಿ, ಟ್ರಿಪ್ ಶೀಟ್. ಎಲ್ಲಾ ಮೊಬೈಲಿನಲ್ಲಿ ಫೋಟೋ ಹೊಡೆದಿಡಿ. ಕಂಪನಿ ಕೈ ಬದಲಾಗ್ತಿದೆ ಅಂತ ಸುದ್ದಿ ಬಂದ ದಿನವೇ, ಇಲ್ಲೀವರೆಗಿನ ಬಾಕಿ ಇಷ್ಟು ಅಂತ ಹಳೇ ಕಂಪನಿಯಿಂದ ಬರೆಸಿಕೊಳ್ಳಿ. ಆಫೀಸಿನಲ್ಲಿ ನಿಮ್ಮನ್ನ ಗುರುತಿಸೋ ಮನುಷ್ಯ ಇನ್ನೂ ಕುರ್ಚಿಯಲ್ಲಿ ಇರುವಾಗಲೇ ಬರೆಸಿಕೊಳ್ಳಬೇಕು. ಅವನು ಹೋದ ಮೇಲೆ ಬಂದವನಿಗೆ ನೀವು ಬರೀ ಒಂದು ಗಾಡಿ ನಂಬರ್.

ಮೂರು, ಒಬ್ಬೊಬ್ಬರೇ ಹೋಗಬೇಡಿ. ಕಬ್ಬು ಬೆಳೆಗಾರ ಒಬ್ಬೊಬ್ಬನೇ ಕಾರ್ಖಾನೆ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ ಕಾಲ ಇದೇ ಮಂಡ್ಯ ಜಿಲ್ಲೆಯಲ್ಲಿತ್ತು. ಹಸಿರು ಟವೆಲ್ ಹಾಕ್ಕೊಂಡು ನೂರು ಜನ ಒಟ್ಟಿಗೆ ಹೋಗೋಕೆ ಶುರು ಮಾಡಿದ ಮೇಲೆ ಕಾರ್ಖಾನೆಯವರು ಎದ್ದು ನಿಂತು ಮಾತಾಡಿದರು. ರೈತ ಸಂಘದವರಿಗೂ ನನ್ನ ಒಂದು ವಿನಂತಿ. ಕಬ್ಬಿನ ಬಾಕಿ ಕೇಳೋಕೆ ಹೋದಾಗ ಅದನ್ನ ಹೊತ್ತು ತಂದವನ ಬಾಕಿಯನ್ನೂ ಅದೇ ಮನವಿ ಪತ್ರದಲ್ಲಿ ಸೇರಿಸಿ. ಅವನು ಹೊರಗಿನವನಲ್ಲ. ನಿಮ್ಮ ತಮ್ಮನೋ, ಭಾವಮೈದುನನೋ, ಪಕ್ಕದ ಮನೆಯವರ ಮಗನೋ ಆಗಿರ್ತಾನೆ.

ಕಂಪನಿಗಳು ಇನ್ನೂ ಕೈ ಬದಲಾಯಿಸ್ತವೆ. ಅದನ್ನ ತಡೆಯೋಕೆ ಆಗಲ್ಲ, ತಡೀಬೇಕು ಅಂತಲೂ ಇಲ್ಲ. ಮಾರಾಟದ ಕಾಗದದಲ್ಲಿ ಗೋದಾಮಿನ ಕುರ್ಚಿ, ಮೇಜು, ಕಂಪ್ಯೂಟರ್, ಫ್ಯಾನು ಎಲ್ಲದಕ್ಕೂ ಒಂದೊಂದು ಸಾಲು ಇರತ್ತೆ. ಹೊತ್ತವನ ಬಾಡಿಗೆಗೂ ಒಂದು ಸಾಲು ಇರಲಿ.